ಹುಬ್ಬಳ್ಳಿಯಿಂದ ಕ್ಯಾರವಾನ್ ಬಾಡಿಗೆ ಹಿಡಿಯುವವರು ಇದನ್ನೊಮ್ಮೆ ಓದಿ

ಹಾಸಿಗೆ, ಪರದೆ, ಬಣ್ಣದ ಲೈಟು, ಎಸಿ, ಒಳಗೇ ಟಾಯ್ಲೆಟ್. ರೀಲ್ಸ್‌ನಲ್ಲಿ ನೋಡಿದರೆ ಯಾರಿಗಾದರೂ ಆಸೆ ಆಗುತ್ತದೆ ಅಲ್ವಾ? ನಾವು ಮನೆಯವರು ಐದು ಜನ ಇಂಥದ್ದೊಂದು ಕ್ಯಾರವಾನ್ ಗಾಡಿಯನ್ನು ಡ್ರೈವರ್ ಸಮೇತ ಹಿಡಿದು ಕನ್ಯಾಕುಮಾರಿಗೆ ಹೊರಟೆವು. ಮುಟ್ಟಿದ್ದು ಮಂಗಳೂರು.

"ರಾತ್ರಿಪೂರ್ತಿ ಎಸಿ ನಡೀತದ್ರೀ ಸರ, ಚಿಂತಿ ಮಾಡಬ್ಯಾಡ್ರಿ" ಅಂದಿದ್ದರು ಮಾಲೀಕರು. ಗೋಕರ್ಣದ ಹತ್ತಿರ ಇಂಜಿನ್ ಬಂದ್ ಮಾಡಿ ಮಲಗಿದ ಅರ್ಧ ತಾಸಿಗೆ ಎಸಿ ನಿಂತಿತು. ಲೆಕ್ಕ ಹಾಕಿದರೆ ನಿಲ್ಲಲೇಬೇಕು. ಒಳಗಿದ್ದದ್ದು ಮನೆಯ ಯುಪಿಎಸ್‌ಗೆ ಹಾಕುವಂಥ 12 ವೋಲ್ಟಿನ, 150 ಎಎಚ್ (ಆಂಪಿಯರ್ ಅವರ್) ಸಾಮರ್ಥ್ಯದ ಒಂದೇ ಬ್ಯಾಟರಿ. ಗುಣಿಸಿದರೆ 1800 ವ್ಯಾಟ್ ಅವರ್. ಲೆಡ್ ಆಸಿಡ್ ಬ್ಯಾಟರಿಯಲ್ಲಿ ಅದರ ಅರ್ಧದಷ್ಟನ್ನು ಮಾತ್ರ ಬಳಸಬೇಕು, ಪೂರ್ತಿ ಹಿಂಡಿದರೆ ಬೇಗ ಹಾಳಾಗುತ್ತದೆ. ಒಂದು ಟನ್ ಎಸಿ ಸಾವಿರ ವ್ಯಾಟ್ ಹತ್ತಿರ ಎಳೆಯುತ್ತದೆ. ಅಂದರೆ ಒಂದು ತಾಸಿಗೂ ಸಾಲದು, ರಾತ್ರಿಪೂರ್ತಿ ಎಲ್ಲಿಂದ ಬರಬೇಕು? ಢಾಬಾದಲ್ಲಿ ಕರೆಂಟ್ ಕೇಳಿದರೆ ಅಲ್ಲಿದ್ದದ್ದು ಮೊಬೈಲ್ ಚಾರ್ಜ್ ಮಾಡುವ 6 ಆಂಪಿಯರ್ ಸಾಕೆಟ್. ಎಸಿಗೆ 16 ಆಂಪಿಯರಿನದ್ದು ಬೇಕು. ಕರಾವಳಿಯ ಸೆಕೆ, ಸೊಳ್ಳೆ, ತಗಡಿನ ಡಬ್ಬಿ. ಅವ್ವ ಬೆಳತನಕ ಬಾಗಿಲಲ್ಲೇ ಕೂತಿದ್ದಳು.

ಟಾಯ್ಲೆಟ್ ವಿಷಯ ಬರೆಯಲು ಮುಜುಗರ, ಆದರೂ ಬರೆಯುತ್ತೇನೆ. ಯಾರೂ ಹೇಳುವುದಿಲ್ಲ ನೋಡಿ. ಈ ಗಾಡಿಗಳಲ್ಲಿ ಸಾಮಾನ್ಯವಾಗಿ ಇರುವುದು ಸುಮಾರು 20 ಲೀಟರಿನ, ಹೊರಗೆ ತೆಗೆದು ಖಾಲಿ ಮಾಡಿ ಮತ್ತೆ ಕೂರಿಸುವ ಟ್ಯಾಂಕು. ಐದು ಜನರಿಗೆ ಅದು ಎಷ್ಟು ಹೊತ್ತು? ತುಂಬಿದ ಮೇಲೆ ಎಲ್ಲಿ ಖಾಲಿ ಮಾಡುವುದು? ವಿದೇಶದ ಕ್ಯಾಂಪಿಂಗ್ ಜಾಗಗಳಲ್ಲಿ ಅದಕ್ಕೇ ವ್ಯವಸ್ಥೆ ಇರುತ್ತದೆ. ನಮ್ಮ ಹೆದ್ದಾರಿಯಲ್ಲಿ ನಮಗೆ ಒಂದೂ ಕಾಣಲಿಲ್ಲ. ಪೆಟ್ರೋಲ್ ಬಂಕಿನ ಹುಡುಗ "ಎಂತ ಮಾರಾಯ್ರೆ, ಇದನ್ನು ಇಲ್ಲಿ ಚೆಲ್ಲುವುದಾ?" ಅಂದ. ಅವನದ್ದೇನೂ ತಪ್ಪಿಲ್ಲ. ನಾಳೆ ತೊಳೆಯುವವನು ಅವನೇ. ರಸ್ತೆ ಪಕ್ಕ ಸುರಿಯೋಣ ಅಂತ ಡ್ರೈವರ್ ಹೇಳಿದ, ನಾವು ಒಪ್ಪಲಿಲ್ಲ. ವಾಸನೆ ಹೊತ್ತುಕೊಂಡು ಹೊನ್ನಾವರದವರೆಗೆ ಬಂದು, ಕೊನೆಗೆ ಲಾಡ್ಜಿನಲ್ಲಿ ರೂಮು ಮಾಡಿ ಖಾಲಿ ಮಾಡಿದೆವು. ಸ್ನಾನವೂ ಅಲ್ಲೇ ಆಯಿತು. ಮಲಗುವ ಗಾಡಿಗೆ ಬಾಡಿಗೆ ಕೊಟ್ಟು, ಮೇಲೆ ರೂಮಿಗೂ ದುಡ್ಡು!

ಇದಕ್ಕೂ ಮೊದಲು ಯಲ್ಲಾಪುರ ದಾಟಿ ಅರಬೈಲು ಘಟ್ಟ ಇಳಿಯುವಾಗಲೇ ಹೆದರಿಕೆ ಆಗಿತ್ತು. ಹುಬ್ಬಳ್ಳಿಯಲ್ಲೇ 200 ಲೀಟರಿನ ನೀರಿನ ಟ್ಯಾಂಕು ತುಂಬಿಸಿ ಕಳಿಸಿದ್ದರು. ಅಂದರೆ ಹಿಂದೆ ಎರಡು ಕ್ವಿಂಟಲ್ ಭಾರ. ತಿರುವಿನಲ್ಲಿ ಗಾಡಿ ವಾಲುತ್ತಿತ್ತು, ಬ್ರೇಕ್ ಸುಟ್ಟ ವಾಸನೆ ಬಂತು. ಪಕ್ಕಕ್ಕೆ ನಿಲ್ಲಿಸಿ ಬ್ರೇಕ್ ತಣ್ಣಗಾದ ಮೇಲೆ ಎರಡನೇ ಗೇರಿನಲ್ಲಿ ಇಳಿದೆವು. ಯಲ್ಲಾಪುರದ ಕಡೆಯಿಂದ ಹೋಗುವವರು ನೀರನ್ನು ಘಟ್ಟ ಇಳಿದು ಅಂಕೋಲಾದಲ್ಲಿ ತುಂಬಿಸಿಕೊಳ್ಳಿ.

ಉಡುಪಿ ದಾಟಿದ ಮೇಲೆ ಡ್ರೈವರ್ ಮೆಲ್ಲಗೆ ಬಾಯಿಬಿಟ್ಟ. "ಸರ, ಗಾಡಿಗೆ ಕೇರಳದ ಪರ್ಮಿಟ್ ಇಲ್ರೀ." ಮಾಲೀಕರಿಗೆ ಫೋನ್ ಮಾಡಿದರೆ "ತಲಪಾಡಿ ಗಡಿಯಾಗ ಯಾರೂ ಕೇಳಂಗಿಲ್ಲ, ಹೋಗ್ರಿ" ಅಂತ ಉತ್ತರ! ಅಪಘಾತವಾದರೆ ವಿಮೆಯವರು ಕೇಳುವುದಿಲ್ಲವೇ? ಮಂಗಳೂರಿನಿಂದಲೇ ತಿರುಗಿದೆವು. ಡಿಪಾಸಿಟ್ ಇನ್ನೂ ಬಂದಿಲ್ಲ. ಬ್ಯಾಟರಿ ಹಾಳು ಮಾಡಿದ್ದೀರಿ ಅನ್ನುತ್ತಾರೆ.

ಐದಾರು ಜನ ದೂರ ಹೋಗುವುದಾದರೆ, ನನ್ನ ಪ್ರಕಾರ ಸಾದಾ ಟೆಂಪೋ ಟ್ರಾವೆಲರ್ ಮತ್ತು ಲಾಡ್ಜ್ ಎಷ್ಟೋ ವಾಸಿ. ಕ್ಯಾರವಾನೇ ಬೇಕು ಅಂದರೆ ಮುಂಗಡ ಕೊಡುವ ಮೊದಲು ಇಂಜಿನ್ ಬಂದ್ ಮಾಡಿಸಿ, ಎದುರಿಗೇ ಒಂದು ತಾಸು ಎಸಿ ಓಡಿಸಿ ನೋಡಿ. ಡ್ರೈವರ್ ಜೊತೆ ಕೊಡುವ ಬಾಡಿಗೆ ಗಾಡಿಗೆ ಹಳದಿ ಬೋರ್ಡ್ ಇರಬೇಕು. ನೀವೇ ಓಡಿಸುವುದಾದರೆ ಕಪ್ಪು ಬೋರ್ಡಿನ ಮೇಲೆ ಹಳದಿ ಅಕ್ಷರ. ಬಿಳಿ ಬೋರ್ಡ್ ಕಂಡರೆ ಮಾತೇ ಬೇಡ. ಸರ್ಕಾರದ ಎಂಪರಿವಾಹನ್ ಆ್ಯಪ್‌ನಲ್ಲಿ ನಂಬರ್ ಹಾಕಿ ವಿಮೆ, ಫಿಟ್‌ನೆಸ್ ತಾರೀಖು ನೋಡಿ. ಪರ್ಮಿಟ್ ಕಾಗದದ ಫೋಟೋ ವಾಟ್ಸಾಪ್‌ಗೆ ತರಿಸಿಕೊಳ್ಳಿ, ಯಾವ ಯಾವ ರಾಜ್ಯಕ್ಕೆ ಅಂತ ಓದಿ, ಆಮೇಲೆ ದುಡ್ಡು ಕಳಿಸಿ.