ಹಳೆಯ ಜಪಾನಿ ಸಣ್ಣ ವ್ಯಾನ್‌ಗಳು: ಯಾವುದು ಬಾಳಿಕೆ ಬರುತ್ತದೆ, ಯಾವುದು ರಿಪೇರಿಗೆ ಸುಲಭ?

ಹಳೆಯ ವ್ಯಾನ್ ಕೊಳ್ಳುವವರು ಮೊದಲು ಕೇಳುವ ಪ್ರಶ್ನೆ, ಗಾಡಿ ಕೆಡುತ್ತಾ ಅಂತ. ಇಪ್ಪತ್ತೈದು ಮೂವತ್ತು ವರ್ಷ ಓಡಿದ ಗಾಡಿ ಅಂದಮೇಲೆ ಏನಾದರೊಂದು ಕೆಟ್ಟೇ ಕೆಡುತ್ತದೆ. ಕೆಟ್ಟ ಜಾಗಕ್ಕೆ ಕೈ ಹೋಗುತ್ತಾ, ಸಾಮಾನು ಸಿಗುತ್ತಾ ಅಂತ ನಾನು ನೋಡುತ್ತೇನೆ. ಟೊಯೊಟಾ ಲೈಟ್‌ಏಸ್, ಮಿತ್ಸುಬಿಷಿ ಡೆಲಿಕಾ, ಸುಜುಕಿ ಎವ್ರಿ, ಮೂರನ್ನೂ ವರ್ಷಗಟ್ಟಲೆ ಓಡಿಸಿದ್ದೇನೆ, ಆದಷ್ಟೂ ಕೆಲಸ ನಾನೇ ಮಾಡಿಕೊಂಡಿದ್ದೇನೆ. ಅವುಗಳಲ್ಲಿ ಲೈಟ್‌ಏಸ್ ಮಾತ್ರ ಈಗಲೂ ನನ್ನ ಹತ್ತಿರ ಇದೆ.

ಅದಕ್ಕೆ ಕಾರಣ ಅದರ 5ಕೆ ಎಂಜಿನ್. 1486 ಸಿಸಿ ಪೆಟ್ರೋಲ್, ಪುಶ್‌ರಾಡ್ (ವಾಲ್ವ್‌ಗಳನ್ನು ಉದ್ದ ಕಡ್ಡಿಗಳಿಂದ ತಳ್ಳುವ ಹಳೆಯ ವಿನ್ಯಾಸ), ವಾಲ್ವ್‌ಗಳ ಹೊತ್ತು ತಪ್ಪದಂತೆ ನೋಡಿಕೊಳ್ಳಲು ರಬ್ಬರ್ ಬೆಲ್ಟ್ ಬದಲು ಟೈಮಿಂಗ್ ಚೈನ್. 1966ರ ಮೊದಲ ಕೊರೊಲಾದಲ್ಲಿ ಬಂದ ಕೆ ಎಂಜಿನ್ನಿನ ವಂಶವೇ ಇದು. ಬೆಲ್ಟ್ ಬದಲಿಸುವ ತಲೆನೋವು ಇಲ್ಲ. ಎಂಜಿನ್ ಮುಂದಿನ ಸೀಟಿನ ಕೆಳಗಿದೆ. ಕೊಕ್ಕೆ ಬಿಡಿಸಿ ಸೀಟು ಹಿಂದಕ್ಕೆ ಎತ್ತಿದರೆ ಸಾಕು, ಕಾರ್ಬುರೇಟರ್, ಡಿಸ್ಟ್ರಿಬ್ಯೂಟರ್, ಪ್ಲಗ್ ಎಲ್ಲಾ ಕಣ್ಣೆದುರಿಗೇ ಇರುತ್ತವೆ. ಬಾಗಿಲ ಪಕ್ಕ ನಿಂತುಕೊಂಡೇ ಪ್ಲಗ್ ಬಿಚ್ಚಬಹುದು, ಹಳೆಯ ಥರದ ಇಗ್ನಿಷನ್ ಪಾಯಿಂಟ್ ಇರುವ ಗಾಡಿಯಾದರೆ ಗ್ಯಾಪ್ ಕೂಡ ಅಲ್ಲೇ ನೋಡಿಕೊಳ್ಳಬಹುದು. ಸೆನ್ಸರ್ ಹುಡುಕುತ್ತಾ ಕೂರುವ ಕೆಲಸವಿಲ್ಲ. ಏರಿನಲ್ಲಿ ಲೋಡ್ ಹಾಕಿದರೆ ನಿಧಾನ, ಬೇಸಿಗೆಯಲ್ಲಿ ಸೀಟು ಬಿಸಿಯಾಗುತ್ತದೆ. ಅದಿಷ್ಟು ನನಗೆ ಒಪ್ಪಿಗೆ. ಆಮೇಲಿನ ಲೈಟ್‌ಏಸ್, ಟೌನ್‌ಏಸ್‌ಗಳಲ್ಲಿ ಬರುವ 1781 ಸಿಸಿಯ 7ಕೆ ಕೂಡ ಇದೇ ಜಾತಿಯದು, ಶಕ್ತಿ ಸ್ವಲ್ಪ ಜಾಸ್ತಿ.

ಡೆಲಿಕಾ ನನಗೆ ತುಂಬಾ ಇಷ್ಟವಾದ ಗಾಡಿ. ಫೋರ್ ವೀಲ್ ಡ್ರೈವ್, ಎತ್ತರ, ಕೆಸರಿಗೆ ಹೆದರುವುದಿಲ್ಲ. ಆದರೆ 4ಡಿ56 ಟರ್ಬೊ ಡೀಸೆಲ್ ಎಂಜಿನ್‌ಗೆ ಶಿಸ್ತು ಬೇಕು. ಎರಕದ ಕಬ್ಬಿಣದ ಬ್ಲಾಕ್ ಮೇಲೆ ಅಲ್ಯೂಮಿನಿಯಂ ಹೆಡ್, ಅಂದರೆ ಎಂಜಿನ್ನಿನ ಮೇಲಿನ ಭಾಗ, ಕೂತಿದೆ. ಒಂದು ಸಲ ಚೆನ್ನಾಗಿ ಬಿಸಿಯಾದರೆ ಹೆಡ್ ಸೊಟ್ಟಗಾಗಬಹುದು, ಬಿರುಕು ಬಿಡಬಹುದು. ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿರುವುದಿಲ್ಲ. ಇದರಲ್ಲಿ ಟೈಮಿಂಗ್ ಬೆಲ್ಟ್ ಜೊತೆಗೆ ಎಂಜಿನ್ನಿನ ನಡುಕ ತಗ್ಗಿಸುವ ಬ್ಯಾಲೆನ್ಸ್ ಶಾಫ್ಟ್‌ಗೆ ಇನ್ನೊಂದು ಸಣ್ಣ ಬೆಲ್ಟ್ ಇದೆ. ಆ ಸಣ್ಣದು ಹರಿದು ದೊಡ್ಡದಕ್ಕೆ ಸಿಕ್ಕಿಕೊಂಡರೆ ಟೈಮಿಂಗ್ ತಪ್ಪಿ, ವಾಲ್ವ್ ಹೋಗಿ ಪಿಸ್ಟನ್‌ಗೆ ಬಡಿಯುತ್ತದೆ. ಹಾಗಾಗಿ ಎರಡನ್ನೂ ಒಟ್ಟಿಗೇ ಬದಲಿಸಿ, ಬೆಲ್ಟ್ ಬಿಗಿ ಹಿಡಿಯುವ ಟೆನ್ಷನರ್ ಸಮೇತ. ಸೀಟು ಎತ್ತಿದರೆ ಎಂಜಿನ್ ಕಾಣುತ್ತದೆ ನಿಜ, ಆದರೆ ಟರ್ಬೊ, ಪೈಪು, ಪಂಪ್ ಎಲ್ಲಾ ಒತ್ತೊತ್ತಾಗಿ ತುಂಬಿವೆ. ಒಂದು ಹೋಸ್ ಬದಲಿಸಲು ಮೂರು ಸಾಮಾನು ಬಿಚ್ಚಬೇಕು. 1994ರಿಂದ ಬಂದ ಸ್ಪೇಸ್ ಗೇರ್‌ನಲ್ಲಿ 2.8 ಲೀಟರ್ 4ಎಂ40 ಇರುವ ಗಾಡಿ ಸಿಕ್ಕರೆ ಅದನ್ನೇ ಆರಿಸಿ, ಅದಕ್ಕೆ ಚೈನ್.

ಮಾಜ್ದಾ ಬೊಂಗೊ ಫ್ರೆಂಡಿಯದೂ ಇದೇ ಕಥೆ. ಗಾಡಿ ಆರಾಮ, ಡೀಸೆಲ್ ಎಂಜಿನ್ ಗಟ್ಟಿ, ಆದರೆ ಕೂಲಂಟ್ (ಎಂಜಿನ್ ತಂಪಾಗಿಡುವ ದ್ರವ) ಸೋರಿದರೆ ಹೆಡ್ ಉಳಿಯುವುದಿಲ್ಲ. ಟೆಂಪರೇಚರ್ ಮುಳ್ಳು ಮೇಲೇಳುವ ಹೊತ್ತಿಗೆ ತಡವಾಗಿರುತ್ತದೆ. ಕೂಲಂಟ್ ಕಡಿಮೆಯಾದರೆ ಕೂಗುವ ಅಲಾರಂ ಕೂರಿಸಿಕೊಂಡೇ ಓಡಿಸಿ. ಕೂಲಂಟ್ ಬದಲಿಸಿದಾಗ ಒಳಗಿನ ಗಾಳಿಯನ್ನು ಪೂರ್ತಿ ತೆಗೆಯಬೇಕು. ಇಲ್ಲಿ ಅವಸರ ಮಾಡಿದವರೇ ಆಮೇಲೆ ಎಂಜಿನ್ ಬಿಚ್ಚುತ್ತಾರೆ.

ಎವ್ರಿ ಥರದ 660 ಸಿಸಿ ಪುಟ್ಟ ವ್ಯಾನ್‌ಗಳ ಲೆಕ್ಕವೇ ಬೇರೆ. 2001ರ ಕೊನೆಯಿಂದ 2015ರ ಆರಂಭದವರೆಗಿನ ಎವ್ರಿಯಲ್ಲಿ ಕೆ6ಎ ಎಂಜಿನ್, ಚೈನ್, ಹಗುರ ಗಾಡಿ. ಬ್ರೇಕ್, ಕ್ಲಚ್ ಕೆಲಸ ಒಬ್ಬರೇ ಮಾಡಿಕೊಳ್ಳಬಹುದು. ಆದರೆ ಎಣ್ಣೆ ಹಿಡಿಯುವುದೇ ಮೂರು ಲೀಟರ್ ಆಸುಪಾಸು, ಮೇಲಾಗಿ ಪುಟ್ಟ ಎಂಜಿನ್ ಯಾವಾಗಲೂ ಜೋರಾಗಿ ತಿರುಗುತ್ತಿರುತ್ತದೆ. ಆಯಿಲ್ ಬದಲಿಸುವುದನ್ನು ಮುಂದೂಡಿದರೆ ಟರ್ಬೊ ಮಾಡೆಲ್‌ಗಳು ಕ್ಷಮಿಸುವುದಿಲ್ಲ. ಸುಬಾರು ಸಾಂಬಾರ್‌ಗೆ ನಾಲ್ಕು ಸಿಲಿಂಡರ್, ಓಟ ನಯ. ಎಂಜಿನ್ ಹಿಂದೆ, ರೇಡಿಯೇಟರ್ ಮುಂದೆ, ನಡುವೆ ಗಾಡಿಯುದ್ದಕ್ಕೂ ನೀರಿನ ಪೈಪು. ಆ ಪೈಪು ತುಕ್ಕು ಹಿಡಿದಿದೆಯಾ ಅಂತ ಕೆಳಗೆ ಮಲಗಿ ನೋಡಲೇಬೇಕು. 2012ರ ನಂತರದ ಸಾಂಬಾರ್ ಅಂದರೆ ಡೈಹಾಟ್ಸು ಹೈಜೆಟ್ಟೇ, ಹೆಸರು ಮಾತ್ರ ಬೇರೆ. ಹೋಂಡಾ ಆಕ್ಟಿಯ ಎಂಜಿನ್ ಸಾಮಾನಿಡುವ ನೆಲದ ಕೆಳಗಿದೆ. ತುಂಬಿದ ವ್ಯಾನ್ ದಾರಿಯಲ್ಲಿ ನಿಂತರೆ ಮೊದಲು ಲೋಡ್ ಇಳಿಸಬೇಕು, ಆಮೇಲೆ ಸ್ಪ್ಯಾನರ್ ಹಿಡಿಯಬೇಕು.

ಜಾಗ ಜಾಸ್ತಿ ಬೇಕು ಅನ್ನುವವರು 1989ರಿಂದ 2004ರವರೆಗಿನ ಹೈಏಸ್ ನೋಡಿ. ಟರ್ಬೊ ಇಲ್ಲದ, 3ಎಲ್ ಅನ್ನುವ ಹೆಸರಿನ ಡೀಸೆಲ್ ಎಂಜಿನ್ ನಿಧಾನ, ಆದರೆ ಲಕ್ಷಗಟ್ಟಲೆ ಕಿಲೋಮೀಟರ್ ಓಡುತ್ತದೆ. ಸಾಮಾನು ಪ್ರಪಂಚದ ಎಲ್ಲಾ ಮೂಲೆಯಲ್ಲೂ ಸಿಗುತ್ತದೆ.

ಸಾಮಾನು ತರಿಸುವಾಗ ಒಂದು ಎಚ್ಚರ. ಜಪಾನಿನ ಒಳಮಾರುಕಟ್ಟೆಯ ಗಾಡಿಗಳಿಗೆ ಹದಿನೇಳು ಅಕ್ಷರ-ಅಂಕಿಗಳ ವಿನ್ ನಂಬರ್ (ಗಾಡಿಯ ಗುರುತಿನ ಸಂಖ್ಯೆ) ಇರುವುದಿಲ್ಲ, ಚಿಕ್ಕದೊಂದು ಫ್ರೇಮ್ ನಂಬರ್ ಇರುತ್ತದೆ. ಒಂದೇ ಹೆಸರಿನ ವ್ಯಾನ್‌ಗೆ ನಾಲ್ಕೈದು ಥರದ ಎಂಜಿನ್ ಬಂದಿರುತ್ತವೆ. ಹಾಗಾಗಿ ಸುಮ್ನೆ ಗಾಡಿಯ ಹೆಸರು, ವರ್ಷ ಹೇಳಿ ಗ್ಯಾಸ್ಕೆಟ್ ತರಿಸಬೇಡಿ. ಪ್ಲೇಟ್ ಮೇಲಿನ ಮಾಡೆಲ್ ಕೋಡ್, ಎಂಜಿನ್ ಕೋಡ್, ಫ್ರೇಮ್ ನಂಬರ್ ಮೂರರದ್ದೂ ಫೋಟೊ ತೆಗೆದು ಕಳಿಸಿ.