ಐನ್ಯಾಚುರಲಿಸ್ಟ್ ಆ್ಯಪ್ ರಿವ್ಯೂ: ಗೊತ್ತಿರೋ ಮಟ್ಟದಲ್ಲೇ ನಿಲ್ಲುತ್ತೆ, ನಂಗೆ ಇಷ್ಟ ಆಗಿದ್ದೇ ಅದು

ಹುಳ, ಗಿಡ, ಕಪ್ಪೆ ಫೋಟೋ ಕಳ್ಸಿ ಇದೇನು ಹೇಳಿ ಅಂತ ಕೇಳೋರಿಗೆಲ್ಲ ನಾನು ಹೇಳೋದು ಇದೊಂದೇ ಆ್ಯಪ್. ದುಡ್ಡಿಲ್ಲ, ಜಾಹೀರಾತಿಲ್ಲ. 2008ರಲ್ಲಿ ಅಮೆರಿಕದ ಬರ್ಕ್ಲಿ ಯೂನಿವರ್ಸಿಟಿ ಸ್ಟೂಡೆಂಟ್ಸ್ ಮಾಸ್ಟರ್ಸ್ ಪ್ರಾಜೆಕ್ಟ್ ಅಂತ ಶುರು ಮಾಡಿದ್ದು, 2023ರಿಂದ ಲಾಭದ ಉದ್ದೇಶ ಇಲ್ದಿರೋ ಸ್ವತಂತ್ರ ಸಂಸ್ಥೆ ಆಗಿದೆ.

ಫೋಟೋ ಹಾಕಿದ ತಕ್ಷಣ ಕಂಪ್ಯೂಟರ್ ಒಂದಷ್ಟು ಹೆಸರು ತೋರ್ಸುತ್ತೆ, ಬಹಳ ಜನ ಮೊದಲನೇದನ್ನ ಒತ್ತಿ ಮುಗೀತು ಅಂದ್ಕೋತಾರೆ, ಆದ್ರೆ ಆ್ಯಪಿನ ನಿಜವಾದ ಕೆಲಸ ಶುರುವಾಗೋದೇ ಆಮೇಲೆ. ಬೇರೆಯವರು ಬಂದು ನೋಡ್ತಾರೆ, ಒಬ್ರು ಒಂದು ಸ್ಪೀಷೀಸ್ (ಪ್ರಭೇದ) ಅಂತಾರೆ, ಇನ್ನೊಬ್ರು ಅದೇ ಜೀನಸ್ಸಿನ (ಕುಲ, ಅಂದ್ರೆ ಹತ್ತಿರದ ಪ್ರಭೇದಗಳ ಗುಂಪು) ಬೇರೆ ಸ್ಪೀಷೀಸ್ ಅಂತಾರೆ, ಆಗ ಆ್ಯಪ್ ಯಾರ ಪರಾನೂ ವಹಿಸದೆ ಇಬ್ರೂ ಒಪ್ಪೋ ಮೆಟ್ಟಿಲಿಗೆ, ಅಂದ್ರೆ ಜೀನಸ್ಸಿಗೆ ಹೋಗಿ ನಿಲ್ಲುತ್ತೆ. ಜೀನಸ್ಸೂ ಹೊಂದ್ಲಿಲ್ಲ ಅಂದ್ರೆ ಅದಕ್ಕಿಂತ ದೊಡ್ಡ ಗುಂಪಾದ ಫ್ಯಾಮಿಲಿ (ಕುಟುಂಬ), ಅದೂ ಇಲ್ಲ ಅಂದ್ರೆ ಆರ್ಡರ್ (ಗಣ). ಸ್ಪೀಷೀಸ್ ಮಟ್ಟದಲ್ಲಿ ಮೂರನೇ ಎರಡು ಭಾಗಕ್ಕಿಂತ ಜಾಸ್ತಿ ಜನ ಒಪ್ಪಿ, ತಾರೀಕು, ಜಾಗ ಎರಡೂ ಇದ್ರೆ ಮಾತ್ರ ರಿಸರ್ಚ್ ಗ್ರೇಡ್, ಅಂದ್ರೆ ಸಂಶೋಧನೆಗೆ ಬಳಸೋ ಮಟ್ಟದ್ದು ಅಂತ ಹಸಿರು ಗುರುತು ಬರುತ್ತೆ. ಶಾಲೇಲಿ ಬಾಯಿಪಾಠ ಮಾಡಿದ ವರ್ಗ, ಗಣ, ಕುಟುಂಬ, ಕುಲ, ಪ್ರಭೇದ ಎಲ್ಲ ಇಲ್ಲಿ ಕಣ್ಣೆದುರಿಗೇ ಕೆಲಸ ಮಾಡೋದು ಕಾಣ್ಸುತ್ತೆ, ಮಕ್ಕಳಿಗೆ ಇದನ್ನ ತೋರಿಸ್ಲೇಬೇಕು.

ಮಲೆನಾಡಿನವರಿಗಂತೂ ಇದು ಬಹಳ ಮುಖ್ಯ. ನಮ್ಮ ಪೊದೆಗಪ್ಪೆಗಳನ್ನೇ ತಗೊಳ್ಳಿ, ರಾವೋರ್ಕೆಸ್ಟಿಸ್ ಅನ್ನೋ ಜೀನಸ್ಸು, ತುಂಬ ಚಿಕ್ಕವು, ಒಂದೇ ಸ್ಪೀಷೀಸಲ್ಲೇ ಹತ್ತಾರು ಬಣ್ಣ, ಬೇರೆ ಬೇರೆ ಸ್ಪೀಷೀಸ್ ನೋಡಿದ್ರೆ ಒಂದೇ ಥರ. ಕೂಗು, ಡಿಎನ್‌ಎ ನೋಡಿ ಬೇರೆ ಮಾಡಿರೋವು ಎಷ್ಟೋ ಇವೆ. ಅಂಥದ್ದಕ್ಕೆ ಒಂದು ಫೋಟೋ ನೋಡಿ ಕಂಪ್ಯೂಟರ್ ಪೂರ್ತಿ ಹೆಸರು ಹೇಳಿದ್ರೆ ನಾನು ಒಪ್ಪಲ್ಲ, ಸಾಕಷ್ಟು ಫೋಟೋ ಇರೋ ಜೀವಿಗಳನ್ನ ಮಾತ್ರ ಅದು ಕಲಿತಿರುತ್ತೆ, ಅಪರೂಪದ್ದು ಅದರ ಪಟ್ಟೀಲೇ ಇರಲ್ಲ. ಜೀನಸ್ ಹಾಕಿ ಬಿಡಿ, ಅದೂ ಸರಿಯಾದ ಉತ್ತರಾನೇ. ಆದ್ರೆ ಆ್ಯಪಲ್ಲಿ ಸೌಂಡ್ ರೆಕಾರ್ಡಿಂಗೂ ಹಾಕ್ಬಹುದು, ಕಪ್ಪೆ ವಿಷ್ಯದಲ್ಲಿ ಫೋಟೋಗಿಂತ ಅದೇ ಕೆಲಸಕ್ಕೆ ಬರೋದು, ದಯವಿಟ್ಟು ಹಾಕಿ.

ಅಂದಹಾಗೆ ಈ ಜೀನಸ್ಸಿಗೆ 2010ರಲ್ಲಿ ಹೆಸರಿಟ್ಟಿದ್ದು ಬೆಂಗಳೂರು ಸೆಂಟ್ರಲ್ ಕಾಲೇಜಿನ ಪ್ರಾಣಿಶಾಸ್ತ್ರಜ್ಞ ಸಿ.ಆರ್. ನಾರಾಯಣ ರಾವ್ ಅವರ ನೆನಪಿಗೆ. ಅವರೇ 1937ರಲ್ಲಿ ವಿವರಿಸಿದ ರಾವೋರ್ಕೆಸ್ಟಿಸ್ ಚಾರಿಯಸ್ ಕಪ್ಪೆ ಈಗ ಅವರ ಹೆಸರಿನ ಜೀನಸ್ಸಿಗೇ ಬಂದು ಸೇರಿದೆ, ಅದಕ್ಕೇ ಹೆಸರಿನ ಕೊನೆಗೆ ರಾವ್, 1937 ಅಂತ ಬ್ರಾಕೆಟ್ಟಲ್ಲಿ ಬರೀತಾರೆ. ಪ್ರಾಣಿಗಳ ಹೆಸರಲ್ಲಿ ವಿವರಿಸಿದವರ ಹೆಸರು ಹೀಗೆ ಬ್ರಾಕೆಟ್ಟಲ್ಲಿ ಇದ್ರೆ, ಮೊದಲು ಬೇರೆ ಜೀನಸ್ಸಲ್ಲಿ ಇತ್ತು ಅಂತ ಅರ್ಥ.

ಒಂದು ಮಾತ್ರ ತಲೇಲಿ ಇರ್ಲಿ, ಆ್ಯಪ್ ಗುರುತು ಹಿಡಿಯುತ್ತೆ, ಹೊಸ ಹೆಸರು ಇಡಲ್ಲ. ಹೊಸ ಪ್ರಾಣಿಗೆ ಹೆಸರಿಡಬೇಕು ಅಂದ್ರೆ ಟೈಪ್ ಸ್ಪೆಸಿಮೆನ್ (ಆ ಹೆಸರಿಗೆ ಆಧಾರವಾಗಿರೋ ಮಾದರಿ) ಯಾವ್ದು ಅಂತ ಗೊತ್ತು ಮಾಡಿ, ಬೇರೆ ಸ್ಪೀಷೀಸಿಗಿಂತ ಹೇಗೆ ಬೇರೆ ಅಂತ ವಿವರಣೆ ಪ್ರಕಟ ಮಾಡ್ಬೇಕು. ಉತ್ತರ ಕನ್ನಡದ ಕತ್ತಲೆಕಾನಿನ ಕಪ್ಪೆಗೆ 2014ರಲ್ಲಿ ನಿಕ್ಟಿಬಟ್ರಾಕಸ್ ಕುಂಬಾರ ಅಂತ ಹೆಸರಿಟ್ಟಿದ್ದು ಹಾಗೇನೇ, ಗಂಡು ಕಪ್ಪೆ ಮುಂಗಾಲಲ್ಲಿ ಮಣ್ಣು ತಗೊಂಡು ಮೊಟ್ಟೆಗೆ ಮೆತ್ತುತ್ತೆ ಅಂತ.

ಹೆಸರು ಪದೇ ಪದೇ ಬದಲಾಗುತ್ತೆ ಅಂತ ಕೆಲವರು ಬೈತಾರೆ, ಅದು ಆ್ಯಪಿನ ತಪ್ಪಲ್ಲ. ಕರಿಜಾಲಿ ಅಕೇಶಿಯಾ ನಿಲೋಟಿಕಾ ಆಗಿತ್ತು, ಹಳೇ ಅಕೇಶಿಯಾ ಗುಂಪು ಒಂದೇ ವಂಶ ಅಲ್ಲ ಅಂತ ಗೊತ್ತಾದ್ಮೇಲೆ ಅದನ್ನ ಒಡೀಬೇಕಾಯ್ತು, 2005ರ ವಿಯೆನ್ನಾ ಸಸ್ಯಶಾಸ್ತ್ರ ಕಾಂಗ್ರೆಸ್ಸಲ್ಲಿ ಅಕೇಶಿಯಾ ಹೆಸರು ಆಸ್ಟ್ರೇಲಿಯಾದ ಗಿಡಗಳ ಪಾಲಾಯ್ತು, ನಮ್ಮ ಜಾಲಿ ಈಗ ವಾಚೆಲಿಯಾ ನಿಲೋಟಿಕಾ. ಸಂಪಿಗೆ ಕೂಡ ಮೈಕೇಲಿಯಾ ಬಿಟ್ಟು ಮ್ಯಾಗ್ನೋಲಿಯಾ ಚಂಪಕ ಆಯ್ತು. ಇಂಥದ್ದು ಆದಾಗ ನಿಮ್ಮ ಹಳೇ ರೆಕಾರ್ಡ್ ಎಲ್ಲ ಸಾಮಾನ್ಯವಾಗಿ ತಾನೇ ಹೊಸ ಹೆಸರಿಗೆ ಹೋಗುತ್ತೆ, ಹಳೇ ಹೆಸರು ಹಾಕಿ ಹುಡುಕಿದ್ರೂ ಸಿಗುತ್ತೆ. ಹಳೇ ಪುಸ್ತಕ ಇಟ್ಕೊಂಡು ಗಿಡ ನೋಡೋ ನನ್ನಂಥೋರಿಗೆ ಇದು ದೊಡ್ಡ ಉಪಕಾರ.

ನನ್ನ ಲೆಕ್ಕದಲ್ಲಿ 5ಕ್ಕೆ 4.5. ಅರ್ಧ ಕಟ್ ಮಾಡಿದ್ದು, ಕಂಪ್ಯೂಟರ್ ಕೊಡೋ ಹೆಸರು ಬರೀ ಊಹೆ ಅಂತ ಹೊಸಬರಿಗೆ ಇನ್ನೂ ಗಟ್ಟಿಯಾಗಿ ಹೇಳ್ಬೇಕಿತ್ತು ಅಂತ. ಕನ್ನಡದ ಹೆಸರು ಇಲ್ದಿದ್ರೆ ನಾವೇ ಸೇರಿಸ್ಬಹುದು, ನಿಮ್ಮೂರಲ್ಲಿ ನಿಜವಾಗ್ಲೂ ಕರೆಯೋ ಹೆಸರೇ ಹಾಕಿ.

ಬಾಲ್ಕನಿ ಕುಂಡದ ಗಿಡ ಹಾಕಿದ್ರೆ ಬೆಳೆಸಿದ್ದು ಅಂತ ಮಾರ್ಕ್ ಮಾಡಿ, ಇಲ್ದಿದ್ರೆ ಅದು ಅಲ್ಲಿ ತಾನಾಗೇ ಬೆಳೆದಿದ್ದು ಅಂತ ಡೇಟಾ ಹೋಗುತ್ತೆ. ಅಪಾಯದಲ್ಲಿರೋ ಎಷ್ಟೋ ಜೀವಿಗಳ ಜಾಗವನ್ನ ಆ್ಯಪ್ಪೇ ಅಕ್ಷಾಂಶ, ರೇಖಾಂಶದ ಲೆಕ್ಕದಲ್ಲಿ ಸುಮಾರು 0.2 ಡಿಗ್ರಿ ಚೌಕದೊಳಗೆ ಮಸುಕು ಮಾಡುತ್ತೆ, ಮನೆ ಅಂಗಳದ ಫೋಟೋ ಆದ್ರೆ ಜಿಯೋಪ್ರೈವಸಿ ಅನ್ನೋ ಕಡೆ ಹೋಗಿ ನೀವೇ ಜಾಗ ಮರೆ ಮಾಡ್ಕೊಳ್ಳಿ.