ಕನ್ನಡ ಪ್ರಬಂಧಕ್ಕೆ ಹಳೆಯ ನುಡಿಯೋ, ಯುನಿಕೋಡೋ?

ದಾವಣಗೆರೆ ವಿಶ್ವವಿದ್ಯಾಲಯದ ಆವರಣವಾದ ಶಿವಗಂಗೋತ್ರಿಯಲ್ಲಿ ಓದುತ್ತಿರುವ ನೀವು, ಗ್ರಂಥಾಲಯಕ್ಕೆ ಸಲ್ಲಿಸುವ ಕನ್ನಡ ಪ್ರಬಂಧವನ್ನು ‘ನುಡಿ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿಸಬೇಕೇ ಅಥವಾ ಯಾವ ಕಂಪ್ಯೂಟರಿನಲ್ಲೂ ಕನ್ನಡವಾಗಿಯೇ ಉಳಿಯುವ ಅಕ್ಷರ ಸಂಕೇತವಾದ ಯುನಿಕೋಡಿನಲ್ಲೇ ಎಂದು ಕೇಳಿದ್ದೀರಿ.

ಡಿಟಿಪಿ ಅಂಗಡಿಯವರ ಕೈ ನುಡಿಗೆ ಪಳಗಿದ್ದರೆ ಕೆಲಸ ಬೇಗ ಮುಗಿಯುತ್ತದೆ; ಯುನಿಕೋಡಿನಲ್ಲಾದರೆ ನೀವೇ ಟೈಪ್ ಮಾಡಿ, ಮಾರ್ಗದರ್ಶಕರು ತಿದ್ದಿದ್ದನ್ನು ಮನೆಯಲ್ಲೇ ಸರಿಪಡಿಸಿಕೊಂಡು ಹಣ ಉಳಿಸಬಹುದು. ಮುದ್ರಿತ ಪ್ರತಿಯಲ್ಲಿ ಹೆಚ್ಚಿನ ಅಂತರವಿಲ್ಲ.

ನಿಜವಾದ ವ್ಯತ್ಯಾಸವಿರುವುದು ಸಾಫ್ಟ್ ಕಾಪಿಯಲ್ಲಿ. ಹಳೆಯ ನುಡಿ ಕಡತವನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ‘ದುರ್ಗ’ ಎಂಬ ಪುಟ್ಟ ಪದವೂ ರೋಮನ್ ಅಕ್ಷರ, ಚಿಹ್ನೆಗಳ ರಾಶಿಯಾಗಿ ಕಾಣುತ್ತದೆ. ಪಿಡಿಎಫ್ ಮಾಡಿದರೆ ಓದಲು ಬಂದರೂ ಅದರೊಳಗೆ ಕನ್ನಡ ಪದವನ್ನು ಹುಡುಕಲಾಗದು. ಪಿಎಚ್.ಡಿ. ಪ್ರಬಂಧಗಳು ಶೋಧಗಂಗಾ ಎಂಬ ಆನ್‌ಲೈನ್ ಪ್ರಬಂಧ ಭಂಡಾರವನ್ನು ಸೇರುವುದರಿಂದ, ವರ್ಷಗಟ್ಟಲೆ ದುಡಿದು ಬರೆದದ್ದು ನಾಳೆ ಹುಡುಕುವವರ ಕೈಗೆ ಸಿಗದೆ ಹೋದರೆ ಅದು ನನಗಂತೂ ಸಂಕಟದ ಸಂಗತಿ.

ಹೀಗಾಗಿ ಪಿಎಚ್.ಡಿ.ಯವರಿಗೆ ಯುನಿಕೋಡ್ ಮೇಲು. ಮುಕ್ಕಾಲು ಭಾಗ ಈಗಾಗಲೇ ನುಡಿಯಲ್ಲಿ ಮುಗಿದಿದ್ದು, ಕಾಲೇಜಿಗೆ ಮುದ್ರಿತ ಪ್ರತಿಯಷ್ಟೇ ಕೊಡಬೇಕಿದ್ದರೆ ಅದರಲ್ಲೇ ಮುಂದುವರಿಯಿರಿ. ನುಡಿಯದನ್ನು ಪರಿವರ್ತಕ ತಂತ್ರಾಂಶದಿಂದ ಯುನಿಕೋಡಿಗೆ ಬದಲಿಸುವುದಾದರೆ ಅರ್ಕಾವತ್ತು, ಒತ್ತಕ್ಷರಗಳನ್ನೂ ನಡುವೆ ಬಂದ ಇಂಗ್ಲಿಷ್ ಪದಗಳನ್ನೂ ಪುಟಪುಟವಾಗಿ ನೋಡಿಕೊಳ್ಳಿ.